ನೀರು ಅಳೆದುಕೊಟ್ಟ ದಾರಿ

ಸೈಕಲ್ಲು ತುಳಿದು ಬಲ್ಲವರಿಗೆ ನೆಲದ ಏರುತಗ್ಗುಗಳ ಪರಿಚಯವು ಪಾಠಪುಸ್ತಕಕ್ಕಿಂತ ಮೊದಲೇ ಆಗಿರುತ್ತದೆ. ನೋಡಲು ಸಮತಟ್ಟಾಗಿಯೇ ಇರುವ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಪೆಡಲು ಭಾರವಾಗುತ್ತದೆ, ತೊಡೆಗಳು ಬಿಗಿಯುತ್ತವೆ, ಉಸಿರು ಹೆಚ್ಚುತ್ತದೆ. ಕಣ್ಣು ಕಾಣದ ಏರನ್ನು ಕಾಲು ಕಂಡುಹಿಡಿದಿರುತ್ತದೆ. ಆದರೆ ಕಾಲಿಗಿಂತಲೂ ಸೂಕ್ಷ್ಮವಾಗಿ ನೆಲದ ಮಟ್ಟವನ್ನು ಬಲ್ಲ ವಸ್ತುವೊಂದುಂಟು. ಅದು ನೀರು. ಮನೆ ಕಟ್ಟುವ ಮೇಸ್ತ್ರಿಯು ನೀರು ತುಂಬಿದ ಕೊಳವೆಯ ಎರಡು ತುದಿಗಳನ್ನು ಹಿಡಿಸಿ ಗೋಡೆಯ ಮಟ್ಟವನ್ನು ನೋಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೊಳವೆಯು ಹೇಗೇ ಡೊಂಕಾಗಿರಲಿ, ಅದರ ಎರಡು ತುದಿಗಳಲ್ಲಿಯೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ.

ಇನ್ನು ಆ ಕೊಳವೆಯ ಬದಲು ನೂರಾರು ಕಿಲೋಮೀಟರು ಉದ್ದದ ಒಂದು ಕಾಲುವೆಯನ್ನು ಊಹಿಸಿಕೊಳ್ಳೋಣ. ಕಾಲುವೆಯ ದಡದ ಮೇಲೆ, ನೀರಿನ ಮಟ್ಟಕ್ಕೆ ಸರಿಯಾಗಿ, ಒಂದು ದಾರಿ ಇದೆಯೆನ್ನೋಣ. ಆ ದಾರಿಯ ಮಟ್ಟವನ್ನು ನೀರೇ ಅಳೆದುಕೊಟ್ಟಿದೆ. ಅದರ ಮೇಲೆ ಸೈಕಲ್ಲು ತುಳಿಯುವವನಿಗೆ ಏರೆಂಬುದು ಹೆಚ್ಚುಕಡಮೆ ಇಲ್ಲವೇ ಇಲ್ಲ. ಯೂರೋಪು ಮತ್ತು ಅಮೆರಿಕೆಗಳಲ್ಲಿ ಇಂಥ ದಾರಿಗಳು ಹಲವಿವೆ. ಅವುಗಳಲ್ಲಿ ಬಹುಪಾಲು ಟಾರು ಕಂಡವುಗಳಲ್ಲ; ಜಲ್ಲಿಯೋ, ಕಲ್ಲುಪುಡಿಯೋ, ಗಟ್ಟಿಮಣ್ಣೋ ಹಾಸಿದ ದಾರಿಗಳು. ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಒಂದು ಪಕ್ಕದಲ್ಲಿ ನೀರು, ಇನ್ನೊಂದು ಪಕ್ಕದಲ್ಲಿ ಕಾಡು. ಇಂಥ ಕಡೆ ಅಗಲವಾದ ಟೈರುಗಳ ಸೈಕಲ್ಲನ್ನೇರಿ ದಿನಗಟ್ಟಲೆ ಸಾಗುವ ಹವ್ಯಾಸವು ಈಚಿನ ವರ್ಷಗಳಲ್ಲಿ ಬಹಳ ಹರಡಿದೆ.

ಇಲ್ಲಿ ವಿಚಾರವಂತನಾದ ವಿದ್ಯಾರ್ಥಿಗೆ ಒಂದು ಸಂದೇಹ ಬರುವುದು ಸಹಜ. ಜಲ್ಲಿಯ ಮೇಲೆ ಸೈಕಲ್ಲು ತುಳಿಯುವುದು ಟಾರಿನ ಮೇಲೆ ತುಳಿಯುವುದಕ್ಕಿಂತ ಕಷ್ಟವಲ್ಲವೆ? ಹಾಗಿರುವಾಗ ಜನರು ನುಣುಪಾದ ರಸ್ತೆಯನ್ನು ಬಿಟ್ಟು ಒರಟು ದಾರಿಯನ್ನು ಹುಡುಕಿಕೊಂಡು ಹೋಗುವುದೇಕೆ? ಈ ಪ್ರಶ್ನೆಗೆ ಭೌತಶಾಸ್ತ್ರವು ಕೊಡುವ ಉತ್ತರವು ಸ್ವಾರಸ್ಯವಾದದ್ದು. ನಿಜವಾದ ಒಂದು ದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಅದನ್ನು ವಿಚಾರಿಸೋಣ.

ಹೇಸರಗತ್ತೆಗಳು ನಡೆದ ದಾರಿ

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರವು ಪೊಟೋಮ್ಯಾಕ್ ನದಿಯ ದಡದಲ್ಲಿದೆ. ಈ ನದಿಯ ಪಕ್ಕದಲ್ಲಿಯೇ ಒಂದು ಕಾಲುವೆಯನ್ನು ತೋಡಿ, ಪಶ್ಚಿಮದ ಬೆಟ್ಟಗಳನ್ನು ದಾಟಿಸಿ, ಒಹಾಯೊ ನದಿಯವರೆಗೆ ದೋಣಿಗಳ ಸಂಚಾರವನ್ನು ಏರ್ಪಡಿಸಬೇಕೆಂಬ ಹಂಬಲದಿಂದ 1828ನೆಯ ಇಸವಿ ಜುಲೈ 4ರಂದು ಕೆಲಸವನ್ನು ಆರಂಭಿಸಿದರು. ಚೆಸಾಪೀಕ್ ಮತ್ತು ಒಹಾಯೊ ಕಾಲುವೆ ಎಂದು ಅದರ ಹೆಸರು. ವಿಧಿಯ ವಿನೋದವೋ ಎಂಬಂತೆ ಅದೇ ದಿನ, ಅದೇ ಗುರಿಯತ್ತ ಹೊರಟ ರೈಲುಮಾರ್ಗವೊಂದರ ಕೆಲಸವೂ ಬಾಲ್ಟಿಮೋರ್ ನಗರದಲ್ಲಿ ಆರಂಭವಾಯಿತು. ಈ ಪಂದ್ಯದಲ್ಲಿ ಗೆದ್ದದ್ದು ರೈಲು. ಕಂಬರ್ಲೆಂಡ್ ಎಂಬ ಊರಿಗೆ ರೈಲು 1842ರಲ್ಲಿ ಮುಟ್ಟಿತು. ಕಾಲುವೆ ಮುಟ್ಟಿದ್ದು 1850ರಲ್ಲಿ. ಅಲ್ಲಿಂದ ಮುಂದಕ್ಕೆ ಕಾಲುವೆಯನ್ನು ತೋಡುವ ಯೋಚನೆಯನ್ನೇ ಕೈಬಿಟ್ಟರು.

ಹೀಗೆ ಅರ್ಧಕ್ಕೆ ನಿಂತ ಕಾಲುವೆಯ ಉದ್ದ 184.5 ಮೈಲಿ, ಎಂದರೆ ಸುಮಾರು 297 ಕಿಲೋಮೀಟರು. ಬೆಟ್ಟಸೀಮೆಯ ಕಲ್ಲಿದ್ದಲನ್ನು ಹೊತ್ತ ದೋಣಿಗಳು ಇದರಲ್ಲಿ ಮುಕ್ಕಾಲು ಶತಮಾನದ ಕಾಲ ಓಡಾಡಿದವು. ದೋಣಿಗಳನ್ನು ಎಳೆಯುತ್ತಿದ್ದವು ಹೇಸರಗತ್ತೆಗಳು. ಎರಡು ಮೂರು ಹೇಸರಗತ್ತೆಗಳು ದಡದ ಮೇಲೆ ನಡೆಯುತ್ತ, ಉದ್ದನೆಯ ಹಗ್ಗದಿಂದ, ನೂರು ಟನ್ನಿಗೂ ಹೆಚ್ಚು ಕಲ್ಲಿದ್ದಲು ತುಂಬಿದ ದೋಣಿಯನ್ನು ಎಳೆದುಕೊಂಡು ಹೋಗುತ್ತಿದ್ದವು. ಇದು ನಂಬಲಾಗದ ಮಾತೆಂದು ತೋರಬಹುದು. ಆದರೆ ನಿಧಾನವಾಗಿ ಚಲಿಸುವ ದೋಣಿಗೆ ನೀರು ಒಡ್ಡುವ ತಡೆಯು ಬಹಳ ಸ್ವಲ್ಪ. ವೇಗವು ಇಮ್ಮಡಿಯಾದರೆ ಆ ತಡೆಯು ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ. ವೇಗವು ಅರ್ಧವಾದರೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಹೇಸರಗತ್ತೆಯ ನಡಿಗೆಯ ವೇಗದಲ್ಲಿ ಪ್ರಾಣಿಬಲವೇ ಸಾಕಾಗುತ್ತಿತ್ತು. ಪ್ರಾಣಿಗಳು ನಡೆಯುತ್ತಿದ್ದ ಆ ದಡದ ಹಾದಿಗೆ ಇಂಗ್ಲಿಷಿನಲ್ಲಿ ಟೋಪಾತ್ ಎಂದು ಹೆಸರು. ನಾವು ಇಲ್ಲಿ ಅದನ್ನು ಎಳೆದಾರಿ ಎಂದು ಕರೆಯೋಣ.

1924ರಲ್ಲಿ ಬಂದ ಪ್ರವಾಹದಿಂದ ಕಾಲುವೆಯು ಹಾಳಾಯಿತು. ದೋಣಿಗಳ ಸಂಚಾರವು ಶಾಶ್ವತವಾಗಿ ನಿಂತುಹೋಯಿತು. ದೋಣಿಗಳು ಹೋದವು, ಹೇಸರಗತ್ತೆಗಳು ಹೋದವು, ಎಳೆದಾರಿಯು ಉಳಿಯಿತು. ಇಂದು ಅದರ ಮೇಲೆ ಕಾಲ್ನಡಿಗೆಯವರೂ ಸೈಕಲ್ಲು ಸವಾರರೂ ಸಂಚರಿಸುತ್ತಾರೆ.

ನೀರಿನ ಮೆಟ್ಟಿಲುಗಳು

ವಾಷಿಂಗ್ಟನ್ನಿನ ಕಡಲಮಟ್ಟದಿಂದ ಕಂಬರ್ಲೆಂಡಿಗೆ ಇರುವ ಏರು 605 ಅಡಿ, ಎಂದರೆ ಸುಮಾರು 184 ಮೀಟರು. ನೀರು ನಿಂತಲ್ಲಿ ಸಮತಟ್ಟಾಗಿರುವುದಾದರೆ ಕಾಲುವೆಯು ಈ ಎತ್ತರವನ್ನು ಏರಿದ್ದು ಹೇಗೆ? ಮೆಟ್ಟಿಲುಗಳ ಮೂಲಕ. ಈ ಕಾಲುವೆಯಲ್ಲಿ ಅಂಥ 74 ಮೆಟ್ಟಿಲುಗಳಿವೆ. ಅವುಗಳಿಗೆ ಲಾಕುಗಳೆಂದು ಹೆಸರು.

ಲಾಕೆಂಬುದು ಎರಡು ತುದಿಗಳಲ್ಲಿಯೂ ಬಾಗಿಲುಗಳುಳ್ಳ ಒಂದು ಕಲ್ಲಿನ ತೊಟ್ಟಿ. ಕೆಳಗಿನಿಂದ ಬಂದ ದೋಣಿಯು ತೊಟ್ಟಿಯನ್ನು ಹೊಕ್ಕೊಡನೆ ಹಿಂದಿನ ಬಾಗಿಲನ್ನು ಮುಚ್ಚುತ್ತಾರೆ. ಮೇಲ್ಗಡೆಯ ಬಾಗಿಲಿನಲ್ಲಿರುವ ಸಣ್ಣ ಕಿಂಡಿಗಳನ್ನು ತೆರೆದು ಮೇಲಿನ ಕಾಲುವೆಯ ನೀರನ್ನು ಒಳಕ್ಕೆ ಬಿಡುತ್ತಾರೆ. ತೊಟ್ಟಿಯಲ್ಲಿ ನೀರು ಏರಿದಂತೆಲ್ಲ ದೋಣಿಯೂ ಏರುತ್ತದೆ. ಒಳಗಿನ ನೀರೂ ಮೇಲಿನ ಕಾಲುವೆಯ ನೀರೂ ಒಂದೇ ಮಟ್ಟಕ್ಕೆ ಬಂದಾಗ ಮುಂದಿನ ಬಾಗಿಲು ತೆರೆಯುತ್ತದೆ. ದೋಣಿಯು ಮುಂದೆ ಸಾಗುತ್ತದೆ. ಇಲ್ಲಿ ಪಂಪೂ ಇಲ್ಲ, ಯಂತ್ರವೂ ಇಲ್ಲ. ಮೇಲಿನ ನೀರು ಕೆಳಕ್ಕಿಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ದೋಣಿಯನ್ನು ಎತ್ತುತ್ತದೆ. ಒಂದೊಂದು ಲಾಕು ಸರಾಸರಿ ಎಂಟು ಅಡಿಯಷ್ಟು ಎತ್ತುತ್ತದೆ.

ಹೀಗಾಗಿ ಎಳೆದಾರಿಯ ರೂಪವೂ ಮೆಟ್ಟಿಲಿನಂತೆಯೇ ಇದೆ. ಮೈಲಿಗಟ್ಟಲೆ ಸಮತಟ್ಟು; ಲಾಕಿನ ಪಕ್ಕದಲ್ಲಿ ಒಂದು ಪುಟ್ಟ ಏರು; ಮತ್ತೆ ಮೈಲಿಗಟ್ಟಲೆ ಸಮತಟ್ಟು. ಒಟ್ಟು ಏರನ್ನು ಒಟ್ಟು ಉದ್ದದಿಂದ ಭಾಗಿಸಿದರೆ ಸರಾಸರಿ ಏರು 1600 ಮೀಟರಿಗೆ ಸುಮಾರು 1 ಮೀಟರು ಎಂದಾಗುತ್ತದೆ. ಕಾಲುವೆಯ ಎಂಜಿನಿಯರರು ಸೈಕಲ್ಲಿಗಾಗಿ ಇದನ್ನು ಮಾಡಿದವರಲ್ಲ. 1828ರಲ್ಲಿ ಪೆಡಲುಳ್ಳ ಸೈಕಲ್ಲೇ ಇರಲಿಲ್ಲ. ನೀರಿನ ಸ್ವಭಾವಕ್ಕೆ ತಲೆಬಾಗಿ ಅವರು ಮಾಡಿದ ಕೆಲಸವು, ಮುಂದೆ ಹುಟ್ಟಲಿದ್ದ ಇನ್ನೊಂದು ವಾಹನಕ್ಕೆ ಹೇಳಿ ಮಾಡಿಸಿದ ದಾರಿಯಾಯಿತು.

ಜಲ್ಲಿಗೆ ತೆರುವ ಸುಂಕ

ಈಗ ನಮ್ಮ ಪ್ರಶ್ನೆಗೆ ಬರೋಣ. ಸವಾರ ಮತ್ತು ಸೈಕಲ್ಲು ಸೇರಿ 80 ಕಿಲೋಗ್ರಾಂ ಎಂದಿಟ್ಟುಕೊಂಡರೆ ಅವರ ಭಾರವು ಸುಮಾರು 784 ನ್ಯೂಟನ್ ಆಗುತ್ತದೆ. ಒಂದು ನ್ಯೂಟನ್ನೆಂದರೆ ಸುಮಾರು 100 ಗ್ರಾಂ ವಸ್ತುವನ್ನು ಅಂಗೈಯಲ್ಲಿಟ್ಟಾಗ ಕೈಗೆ ತಿಳಿಯುವ ಭಾರ. ಸೈಕಲ್ಲನ್ನು ತಡೆಯುವ ಬಲಗಳು ಮುಖ್ಯವಾಗಿ ಮೂರು: ಉರುಳು ಘರ್ಷಣೆ, ಗಾಳಿಯ ತಡೆ, ಏರಿನಲ್ಲಿ ಹಿಂದಕ್ಕೆ ಸೆಳೆಯುವ ಗುರುತ್ವ.

ಉರುಳು ಘರ್ಷಣೆಯು ಭಾರದ ಒಂದು ಸಣ್ಣ ಅಂಶದಷ್ಟಿರುತ್ತದೆ. ಆ ಅಂಶವನ್ನು ಉರುಳು ಘರ್ಷಣೆಯ ಗುಣಾಂಕ ಎನ್ನುತ್ತೇವೆ. ಒಳ್ಳೆಯ ಟಾರು ರಸ್ತೆಯ ಮೇಲೆ ಸೈಕಲ್ಲಿಗೆ ಇದು ಸುಮಾರು 0.005. ಗಟ್ಟಿಯಾಗಿ ಕುಳಿತ ಸಣ್ಣ ಜಲ್ಲಿಯ ಮೇಲೆ ಸುಮಾರು 0.01. ಎಂದರೆ ಟಾರಿನ ಮೇಲೆ ತಡೆಯು 4 ನ್ಯೂಟನ್, ಜಲ್ಲಿಯ ಮೇಲೆ 8 ನ್ಯೂಟನ್. ಜಲ್ಲಿಯು ಇಮ್ಮಡಿ ಸುಂಕವನ್ನು ವಸೂಲು ಮಾಡುತ್ತದೆಂಬುದು ದಿಟವೇ. ಗಾಳಿಯ ತಡೆಯು ಗಂಟೆಗೆ 15 ಕಿಲೋಮೀಟರು ವೇಗದಲ್ಲಿ, ನೆಟ್ಟಗೆ ಕುಳಿತ ಸವಾರನಿಗೆ, ಸುಮಾರು 5 ನ್ಯೂಟನ್.

ಇನ್ನು ಏರಿನ ಲೆಕ್ಕವನ್ನು ನೋಡೋಣ. 20 ಮೀಟರಿಗೆ 1 ಮೀಟರು ಏರುವ ರಸ್ತೆಯು ಕಣ್ಣಿಗೆ ಅಂಥ ಭಯಂಕರವಾದ ಏರಾಗಿ ಕಾಣುವುದಿಲ್ಲ. ಆದರೆ ಅಲ್ಲಿ ಗುರುತ್ವವು ಹಿಂದಕ್ಕೆ ಸೆಳೆಯುವ ಬಲವು ಭಾರದ ಇಪ್ಪತ್ತನೆಯ ಒಂದು ಪಾಲು, ಎಂದರೆ 39 ನ್ಯೂಟನ್! ಜಲ್ಲಿಯು ಹೆಚ್ಚಾಗಿ ಕೇಳಿದ 4 ನ್ಯೂಟನ್ ಇದರ ಮುಂದೆ ಎಷ್ಟರದು? ಎಳೆದಾರಿಯ ಸರಾಸರಿ ಏರಿನಲ್ಲಾದರೋ ಗುರುತ್ವದ ಸೆಳೆತವು ಅರ್ಧ ನ್ಯೂಟನ್ ಮಾತ್ರ. ಒಂದು ಕೋಳಿಮೊಟ್ಟೆಯ ಭಾರದಷ್ಟು.

ಇದನ್ನೇ ಸಾಮರ್ಥ್ಯದ ಭಾಷೆಯಲ್ಲಿ ಹೇಳಬಹುದು. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯವು ದೊರೆಯುತ್ತದೆ. ಗಂಟೆಗೆ 15 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 4.2 ಮೀಟರು. ಈ ವೇಗದಲ್ಲಿ ಸಮತಟ್ಟಾದ ಟಾರಿನ ಮೇಲೆ ಸುಮಾರು 38 ವಾಟ್ ಸಾಕು. ಸಮತಟ್ಟಾದ ಜಲ್ಲಿಯ ಮೇಲೆ ಸುಮಾರು 55 ವಾಟ್ ಬೇಕು. ಮೇಲೆ ಹೇಳಿದ ಏರಿನಲ್ಲಿ, ಅದು ನುಣುಪಾದ ಟಾರೇ ಆಗಿದ್ದರೂ, ಸುಮಾರು 200 ವಾಟ್ ಬೇಕಾಗುತ್ತದೆ. ಆರೋಗ್ಯವಂತನಾದ ಸಾಮಾನ್ಯ ಮನುಷ್ಯನು ಗಂಟೆಗಟ್ಟಲೆ ಆಯಾಸವಿಲ್ಲದೆ ಕೊಡಬಲ್ಲ ಸಾಮರ್ಥ್ಯವು 75 ವಾಟಿನ ಆಸುಪಾಸಿನದು. ಆದುದರಿಂದ ಜಲ್ಲಿಯ ಎಳೆದಾರಿಯು ಅವನ ಅಳವಿನೊಳಗಿದೆ. ಟಾರಿನ ಏರು ಅಳವಿನ ಹೊರಗಿದೆ. ಏರಿನಲ್ಲಿ ಅವನು ಒಂದೋ ವೇಗವನ್ನು ತಗ್ಗಿಸಬೇಕು, ಇಲ್ಲವೇ ಇಳಿದು ತಳ್ಳಬೇಕು.

ಜಲ್ಲಿಯ ಸುಂಕವು 200 ಮೀಟರಿಗೆ 1 ಮೀಟರು ಏರುವ ಟಾರು ರಸ್ತೆಯ ಸುಂಕಕ್ಕೆ ಸಮವೆಂದು ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು. ಕಾಲುವೆಯು ಏರನ್ನು ಕಳೆದುಕೊಟ್ಟು, ಅದರ ಬದಲಿಗೆ ಜಲ್ಲಿಯ ಸಣ್ಣ ಸುಂಕವನ್ನು ಕೇಳುತ್ತದೆ. ಈ ವ್ಯಾಪಾರದಲ್ಲಿ ಲಾಭವು ಸವಾರನಿಗೇ.

ಗಾಳಿ ತುಂಬಿದ ಚಕ್ರದ ಉಪಕಾರ

ಜಲ್ಲಿಯು ಇಷ್ಟು ಸ್ವಲ್ಪವೇ ಸುಂಕಕ್ಕೆ ಒಪ್ಪುವುದು ಟೈರಿನಲ್ಲಿ ಗಾಳಿಯಿರುವುದರಿಂದ. ಗಾಳಿಯಿಲ್ಲದ ಕಬ್ಬಿಣದ ಪಟ್ಟಿಯ ಚಕ್ರವು ಒಂದು ಸೆಂಟಿಮೀಟರು ಎತ್ತರದ ಕಲ್ಲನ್ನು ಹತ್ತಬೇಕಾದರೆ ತನ್ನ ಮೇಲಿರುವ ಇಡೀ ಭಾರವನ್ನು ಅಷ್ಟು ಎತ್ತಬೇಕು. ಒಂದು ಚಕ್ರದ ಪಾಲಿಗೆ 40 ಕಿಲೋಗ್ರಾಂ ಬಂದರೆ ಇದಕ್ಕೆ ಸುಮಾರು 4 ಜೌಲು ಶಕ್ತಿ ಬೇಕು. ಕಲ್ಲಿನಿಂದ ಇಳಿಯುವಾಗ ಆ ಶಕ್ತಿಯು ಮರಳಿ ದೊರೆಯಬಾರದೆ ಎಂದರೆ, ಬಹುಮಟ್ಟಿಗೆ ದೊರೆಯುವುದಿಲ್ಲ. ಚಕ್ರವು ಧೊಪ್ಪನೆ ಬಿದ್ದು ಅದು ಸದ್ದಾಗಿ, ಅದುರಾಗಿ, ಸವಾರನ ಮೈಕೈ ನೋವಾಗಿ ಕರಗಿಹೋಗುತ್ತದೆ. ಮೀಟರಿಗೊಂದು ಇಂಥ ಕಲ್ಲು ಸಿಕ್ಕಿದರೂ ಒಂದೊಂದು ಚಕ್ರದ ಮೇಲೆ 4 ನ್ಯೂಟನ್ ಹೆಚ್ಚಿನ ತಡೆ ಬಿದ್ದಂತಾಯಿತು.

ಗಾಳಿ ತುಂಬಿದ ಟೈರು ಬೇರೆ ಉಪಾಯವನ್ನು ಹೂಡುತ್ತದೆ. ಅದು ಕಲ್ಲನ್ನು ಹತ್ತುವುದಿಲ್ಲ, ನುಂಗುತ್ತದೆ. ಕಲ್ಲು ತಾಗಿದ ಕಡೆ ರಬ್ಬರು ಒಳಸರಿದು, ಒಳಗಿನ ಗಾಳಿಯು ಸ್ವಲ್ಪ ಅದುಮಿಕೊಂಡು, ಕಲ್ಲು ಹಿಂದೆ ಸರಿದೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಗಾಳಿಯು ಒಳ್ಳೆಯ ಸ್ಪ್ರಿಂಗು. ಪಡೆದ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಈ ಬಗೆಯ ಚಕ್ರಕ್ಕೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟು ಪಡೆದಿದ್ದನು. ಆದರೆ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯನಾದ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗಾಗಿ ಮತ್ತೆ ಇದನ್ನು ರೂಪಿಸಿದ ಮೇಲೆ ಲೋಕವೆಲ್ಲ ಇದನ್ನು ಒಪ್ಪಿಕೊಂಡಿತು.

ಜಲ್ಲಿಯ ದಾರಿಯಲ್ಲಿ ಟೈರು ಅಗಲವಾಗಿಯೂ ಗಾಳಿಯು ಸ್ವಲ್ಪ ಕಡಮೆಯಾಗಿಯೂ ಇರಬೇಕೆನ್ನುವುದಕ್ಕೆ ಕಾರಣವು ಸುಲಭವಾಗಿ ತಿಳಿಯುತ್ತದೆ. ನೆಲಕ್ಕೆ ತಾಗುವ ಟೈರಿನ ಭಾಗದ ವಿಸ್ತೀರ್ಣವನ್ನು ಒಳಗಿನ ಒತ್ತಡದಿಂದ ಗುಣಿಸಿದರೆ ಚಕ್ರದ ಮೇಲಣ ಭಾರವು ಬರುತ್ತದೆ. ಹಿಂದಿನ ಚಕ್ರದ ಮೇಲೆ 50 ಕಿಲೋಗ್ರಾಮಿನ ಭಾರವಿದ್ದು, ವಾತಾವರಣದ ಒತ್ತಡದ ಐದರಷ್ಟು ಗಾಳಿಯನ್ನು ತುಂಬಿದ್ದರೆ ನೆಲಕ್ಕೆ ತಾಗುವ ಭಾಗವು ಸುಮಾರು 10 ಚದರ ಸೆಂಟಿಮೀಟರು. ಒತ್ತಡವನ್ನು ಅದರ ಅರ್ಧಕ್ಕೆ ಇಳಿಸಿದರೆ 20 ಚದರ ಸೆಂಟಿಮೀಟರು, ಒಂದು ಬೆಂಕಿಪೆಟ್ಟಿಗೆಯ ಮೈಯಷ್ಟು. ಹೆಚ್ಚು ಜಾಗದ ಮೇಲೆ ಭಾರವು ಹಂಚಿಹೋದುದರಿಂದ ಚಕ್ರವು ಸಡಿಲವಾದ ನೆಲದಲ್ಲಿ ಹೂತುಕೊಳ್ಳುವುದಿಲ್ಲ. ಸಣ್ಣ ಕಲ್ಲುಗಳನ್ನು ಸುಲಭವಾಗಿ ನುಂಗುತ್ತದೆ. ಆದರೆ ತೀರ ಇಳಿಸಿದರೆ ರಬ್ಬರು ಅತಿಯಾಗಿ ಬಾಗಿ ಬಿಸಿಯಾಗುತ್ತದೆ, ಟ್ಯೂಬು ರಿಮ್ಮಿಗೆ ಸಿಕ್ಕಿ ಪಂಕ್ಚರಾಗುತ್ತದೆ. ಕಿರಿದಾದ ಟೈರಿನಲ್ಲಿ ಒತ್ತಡವನ್ನು ಇಳಿಸಲು ಹೆಚ್ಚು ಆಸ್ಪದವಿಲ್ಲ. ಅಗಲವಾದ ಟೈರಿನಲ್ಲಿ ಆಸ್ಪದವುಂಟು.

ಜಲ್ಲಿಯಲ್ಲಿಯೂ ಎರಡು ಜಾತಿಗಳುಂಟು. ಹೊಳೆಯಲ್ಲಿ ಉರುಳಿ ಉರುಳಿ ನುಣುಪಾದ ಕಲ್ಲುಗಳನ್ನು ಹಾಸಿದರೆ ಅವು ಒಂದರ ಮೇಲೊಂದು ಜಾರುತ್ತವೆ. ಚಕ್ರವು ಅಡ್ಡಾದಿಡ್ಡಿ ಹೋಗುತ್ತದೆ. ಒಡೆದ ಕಲ್ಲಿನ ಮೂಲೆಗಳು ಒಂದಕ್ಕೊಂದು ಹಲ್ಲು ಕಚ್ಚಿದಂತೆ ಸಿಕ್ಕಿಕೊಳ್ಳುತ್ತವೆ. ಅವುಗಳ ಸಂದುಗಳನ್ನು ಕಲ್ಲುಪುಡಿಯು ತುಂಬುತ್ತದೆ. ಸ್ವಲ್ಪ ತೇವವಿದ್ದಾಗ ನೀರಿನ ಮೇಲ್ಮೈ ಸೆಳೆತವು ಪುಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುತ್ತದೆ. ನೀರು ಹೆಚ್ಚಾದರೆ ಇದೇ ಬಂಧನವು ಸಡಿಲಿ ಕೆಸರಾಗುತ್ತದೆ. ಮಳೆ ಬಿದ್ದ ಮಾರನೆಯ ದಿನ ಎಳೆದಾರಿಯ ಮಣ್ಣಿನ ಭಾಗಗಳು ಸವಾರನನ್ನು ಏಕೆ ಕಾಡುತ್ತವೆಂಬುದು ಇದರಿಂದ ತಿಳಿಯುತ್ತದೆ.

ಮರಗಳ ಮರೆಯಲ್ಲಿ

ಗಾಳಿಯ ತಡೆಯು ವೇಗದ ವರ್ಗದಂತೆ ಬೆಳೆಯುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ನೆಲಕ್ಕೆ ಸಂಬಂಧಿಸಿದ ವೇಗವಲ್ಲ, ಗಾಳಿಗೆ ಸಂಬಂಧಿಸಿದ ವೇಗ. ನಾವು ಗಂಟೆಗೆ 15 ಕಿಲೋಮೀಟರಿನಂತೆ ಹೋಗುತ್ತಿರುವಾಗ ಎದುರಿನಿಂದ ಅಷ್ಟೇ ವೇಗದ ಗಾಳಿಯು ಬೀಸಿದರೆ ತಡೆಯು ನಾಲ್ಕು ಪಟ್ಟಾಗಿ 5 ನ್ಯೂಟನ್ನಿದ್ದದ್ದು 20 ನ್ಯೂಟನ್ನಾಗುತ್ತದೆ. ಬಯಲಿನಲ್ಲಿ ಎದುರುಗಾಳಿಗೆ ಸೈಕಲ್ಲು ತುಳಿದವರೆಲ್ಲರೂ ಇದಕ್ಕೆ ಸಾಕ್ಷಿ. ಕಾಡಿನ ಮರಗಳು ಗಾಳಿಯ ರಭಸವನ್ನು ಮುರಿಯುತ್ತವೆ. ಬಿಸಿಲಿನಲ್ಲಿ ನೆರಳು ಕೊಡುತ್ತವೆ. ಎಲೆಗಳಿಂದ ಹೊರಬೀಳುವ ನೀರಿನ ಆವಿಯು ಸುತ್ತಲಿನ ಗಾಳಿಯಿಂದ ಉಷ್ಣವನ್ನು ಹೀರಿಕೊಳ್ಳುವುದರಿಂದ ಅಲ್ಲಿ ತಂಪೂ ಇರುತ್ತದೆ. ಆದುದರಿಂದ ನೀರು ಏರನ್ನು ಕಳೆದರೆ ಮರಗಳು ಎದುರುಗಾಳಿಯನ್ನು ಕಳೆಯುತ್ತವೆ. ಸವಾರನಿಗೆ ಉಳಿಯುವುದು ಜಲ್ಲಿಯ ಸುಂಕವೊಂದೇ.

ಈ ಕಾಡಿನ ಒಂದು ಗಿಡದ ಮಾತನ್ನು ಇಲ್ಲಿ ಹೇಳಬೇಕು. ನದಿಯ ಆರು ಮೈಲಿಯಷ್ಟು ಸುತ್ತುಬಳಸನ್ನು ತಪ್ಪಿಸುವುದಕ್ಕಾಗಿ ಕಾಲುವೆಯನ್ನು ಒಂದು ಕಡೆ ಬೆಟ್ಟದೊಳಗೆ ಹಾಯಿಸಿದ್ದಾರೆ. ಈ ಸುರಂಗದ ಉದ್ದ 3118 ಅಡಿ. 1836ರಲ್ಲಿ ಆರಂಭವಾದ ಈ ಕೆಲಸವು ಮುಗಿದು ದೋಣಿಗಳು ಒಳಹೊಕ್ಕದ್ದು 1850ರಲ್ಲಿ. ಒಳಗೆಲ್ಲ ಇಟ್ಟಿಗೆಯ ಕಮಾನು, ಪಕ್ಕದಲ್ಲಿ ಕಿರಿದಾದ ಎಳೆದಾರಿ, ಮಧ್ಯಾಹ್ನದಲ್ಲಿಯೂ ಕತ್ತಲೆ. ಸವಾರರು ಟಾರ್ಚು ಹಿಡಿದು ಸೈಕಲ್ಲನ್ನು ತಳ್ಳಿಕೊಂಡೇ ಇದನ್ನು ದಾಟಬೇಕು. ಪಾಪಾ ಸುರಂಗವೆಂದು ಇದರ ಹೆಸರು. ಆ ಬೆಟ್ಟದ ಮೇಲೆ ಬೆಳೆಯುವ ಪಾಪಾ ಗಿಡಗಳಿಂದ ಬಂದ ಹೆಸರಿದು. ಇದು ನಮ್ಮ ಪರಂಗಿಯೆಂದು ವಾಚಕರು ಭ್ರಮಿಸಬಾರದು. ಪಾಪಾ ನಮ್ಮ ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಉಷ್ಣದೇಶಗಳ ಆ ಕುಟುಂಬದಿಂದ ಚಳಿಯ ನಾಡಿಗೆ ವಲಸೆ ಹೋಗಿ ನೆಲೆಸಿದ ಬಂಧು.

ತಿರುವು ಮತ್ತು ಬ್ರೇಕು

ಜಲ್ಲಿಯ ದಾರಿಯು ಒಂದು ವಿಷಯದಲ್ಲಿ ಮಾತ್ರ ಸವಾರನನ್ನು ಕ್ಷಮಿಸುವುದಿಲ್ಲ. ಅದು ಹಿಡಿತದ ವಿಷಯ. ಒಣಗಿದ ಟಾರಿನ ಮೇಲೆ ಟೈರಿನ ಜಾರು ಘರ್ಷಣೆಯ ಗುಣಾಂಕವು ಸುಮಾರು 0.7 ಎಂದಿಟ್ಟುಕೊಂಡರೆ ಸಡಿಲ ಜಲ್ಲಿಯ ಮೇಲೆ ಅದು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. 10 ಮೀಟರು ತ್ರಿಜ್ಯದ ತಿರುವಿನಲ್ಲಿ ಜಾರದೆ ಹೋಗಬಹುದಾದ ಗರಿಷ್ಠ ವೇಗವು ಟಾರಿನ ಮೇಲೆ ಗಂಟೆಗೆ 30 ಕಿಲೋಮೀಟರಾದರೆ ಜಲ್ಲಿಯ ಮೇಲೆ 21. ಗಂಟೆಗೆ 24 ಕಿಲೋಮೀಟರು ವೇಗದಿಂದ ನಿಲ್ಲಬೇಕಾದರೆ ಟಾರಿನ ಮೇಲೆ ಸುಮಾರು 3 ಮೀಟರು ಸಾಕಾಗುವ ಕಡೆ ಜಲ್ಲಿಯ ಮೇಲೆ ಸುಮಾರು 6.5 ಮೀಟರು ಬೇಕು. ಕೈ ಬ್ರೇಕನ್ನು ಹಿಡಿಯುವ ಮುನ್ನ ಕಳೆಯುವ ಕ್ಷಣದಲ್ಲಿ ಸೈಕಲ್ಲು ಸಾಗುವ ದೂರವು ಇದರಲ್ಲಿ ಸೇರಿಲ್ಲ. ಮುಂದಿನ ಚಕ್ರದ ಬ್ರೇಕನ್ನು ತಟ್ಟನೆ ಬಿಗಿಹಿಡಿದರೆ ಆ ಚಕ್ರವು ಜಾರುತ್ತದೆ; ಜಾರಿದ ಚಕ್ರವು ಹ್ಯಾಂಡಲಿನ ಮಾತನ್ನು ಕೇಳುವುದಿಲ್ಲ. ಒಂದು ಕಡೆ ಕಾಲುವೆಯೂ ಇನ್ನೊಂದು ಕಡೆ ನದಿಯತ್ತ ಇಳಿಜಾರೂ ಇರುವಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಎಳೆದಾರಿಯಲ್ಲಿ ವೇಗದ ಮಿತಿಯು ಗಂಟೆಗೆ 15 ಮೈಲಿ ಎಂದಿರುವುದೂ, ಸೈಕಲ್ಲಿನವರು ಕಾಲ್ನಡಿಗೆಯವರಿಗೆ ದಾರಿ ಬಿಡಬೇಕೆಂದಿರುವುದೂ ಸರಿಯಾಗಿಯೇ ಇದೆ.

ನಡೆದು ಉಳಿಸಿದ ದಾರಿ

ಈ ದಾರಿಯು ಇಂದು ಹೀಗೆ ಉಳಿದಿರುವುದು ತಾನಾಗಿ ಅಲ್ಲ. 1938ರಲ್ಲಿ ಅಮೆರಿಕದ ಸರ್ಕಾರವು ಹಾಳುಬಿದ್ದ ಕಾಲುವೆಯನ್ನು ಕೊಂಡುಕೊಂಡಿತು. ಕಾಲುವೆಯ ಜಾಡಿನಲ್ಲಿ ಮೋಟಾರು ರಸ್ತೆಯೊಂದನ್ನು ನಿರ್ಮಿಸಿದರೆ ಹೆಚ್ಚು ಜನರು ಕಾರಿನಲ್ಲಿ ಬಂದು ನದಿಯ ಚೆಲುವನ್ನು ನೋಡಬಹುದೆಂಬ ಯೋಜನೆಯು ಮುಂದೆ ಹುಟ್ಟಿಕೊಂಡಿತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ತನ್ನ ಸಂಪಾದಕೀಯದಲ್ಲಿ ಇದನ್ನು ಬೆಂಬಲಿಸಿತು. ಆಗ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ವಿಲಿಯಂ ಡಗ್ಲಸರು ಪತ್ರಿಕೆಗೆ ಒಂದು ಪತ್ರ ಬರೆದು, ಸಂಪಾದಕರು ತಮ್ಮೊಡನೆ ಇಡೀ ಎಳೆದಾರಿಯನ್ನು ನಡೆದು ನೋಡಿ ಆಮೇಲೆ ಅಭಿಪ್ರಾಯ ಹೇಳಲಿ ಎಂದು ಆಹ್ವಾನವಿತ್ತರು. ಸಂಪಾದಕರು ಒಪ್ಪಿದರು. ಮಾರ್ಚ್ 20ರಂದು ಹಲವರ ತಂಡವು ಕಂಬರ್ಲೆಂಡಿನಿಂದ ಹೊರಟಿತು. ಎಂಟು ದಿನಗಳ ನಡಿಗೆಯಲ್ಲಿ ದಾರಿಯನ್ನು ಪೂರ್ತಿಯಾಗಿ ನಡೆದು ಮುಗಿಸಿದವರು ಡಗ್ಲಸರೂ ಸೇರಿ ಒಂಬತ್ತು ಮಂದಿ ಮಾತ್ರ. ಆದರೆ ಪತ್ರಿಕೆಯು ತನ್ನ ನಿಲುವನ್ನು ಬದಲಾಯಿಸಿತು, ಜನಾಭಿಪ್ರಾಯವೂ ತಿರುಗಿತು. 1971ರಲ್ಲಿ ಕಾಲುವೆಯು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂಬ ರಕ್ಷಣೆಯನ್ನು ಪಡೆಯಿತು.

ಮೋಟಾರುಗಳನ್ನು ದೂರವಿಡಬೇಕೆನ್ನುವುದು ಕೇವಲ ರಸಿಕರ ಹಟವೆಂದು ಭಾವಿಸುವವರಿಗೆ ಒಂದು ಲೆಕ್ಕವನ್ನು ಹೇಳಬಹುದು. ಗಂಟೆಗೆ 15 ಕಿಲೋಮೀಟರಿನಂತೆ ಹೋಗುವ ನಮ್ಮ ಸವಾರನ ಚಲನಶಕ್ತಿಯು ಸುಮಾರು 700 ಜೌಲು. ಗಂಟೆಗೆ 60 ಕಿಲೋಮೀಟರಿನಂತೆ ಹೋಗುವ, 1200 ಕಿಲೋಗ್ರಾಂ ತೂಗುವ ಕಾರಿನ ಚಲನಶಕ್ತಿಯು ಅದರ 240 ಪಟ್ಟು. ಇವೆರಡೂ ಒಂದೇ ಕಿರುದಾರಿಯಲ್ಲಿ ಸಂಧಿಸಿದರೆ ಯಾರ ಪಾಡು ಏನೆಂಬುದನ್ನು ಹೇಳಲು ಭೌತಶಾಸ್ತ್ರವೂ ಬೇಕಾಗಿಲ್ಲ.

ಕಾಲುವೆಯು ಎಂದೂ ಮುಟ್ಟದ ಪಿಟ್ಸ್‌ಬರ್ಗ್ ನಗರವನ್ನು ಈಗ ಸೈಕಲ್ಲು ಮುಟ್ಟಿದೆ. ಕಂಬರ್ಲೆಂಡಿನಿಂದ ಮುಂದಕ್ಕೆ ಹಳೆಯ ರೈಲುಮಾರ್ಗಗಳ ಜಾಡಿನಲ್ಲಿ ಸುಣ್ಣಕಲ್ಲಿನ ಪುಡಿಯನ್ನು ಹಾಸಿ ಮಾಡಿದ 150 ಮೈಲಿಯ ಇನ್ನೊಂದು ದಾರಿಯು 2013ರಲ್ಲಿ ಪೂರ್ಣವಾಯಿತು. ರೈಲೂ ನೀರಿನಂತೆಯೇ ಕಡಿದಾದ ಏರಿಗೆ ಅಂಜುವ ವಾಹನ. ಆದಕಾರಣ ಆ ದಾರಿಯೂ ಮೃದುವಾಗಿ ಏರಿ 2392 ಅಡಿ ಎತ್ತರದಲ್ಲಿ ಬೆಟ್ಟಗಳ ನೀರ್ಕವಲನ್ನು ದಾಟುತ್ತದೆ. ಎರಡು ದಾರಿಗಳೂ ಕೂಡಿ ಸುಮಾರು 335 ಮೈಲಿ. ಒಮ್ಮೆ ಪಂದ್ಯ ಕಟ್ಟಿ ಓಡಿದ ಕಾಲುವೆಯೂ ರೈಲೂ ಇಂದು ಸೈಕಲ್ಲಿನ ಒಂದೇ ದಾರಿಯಲ್ಲಿ ಕೈಕೂಡಿಸಿವೆ.

ನಮ್ಮ ನಾಲೆಗಳು, ಮತ್ತು ಒಂದು ಪ್ರಯೋಗ

ಕೃಷ್ಣರಾಜಸಾಗರದಿಂದ ಹೊರಟು ಮಂಡ್ಯದ ಸೀಮೆಗೆ ನೀರುಣಿಸುವ ವಿಶ್ವೇಶ್ವರಯ್ಯ ನಾಲೆಯ ಏರಿಯನ್ನು ನೋಡಿದವರಿಗೆ ಇದೇ ತತ್ತ್ವವು ಮನೆಯ ಬಾಗಿಲಿನಲ್ಲಿಯೇ ಕಾಣುತ್ತದೆ. ನಮ್ಮದು ದೋಣಿಯ ಕಾಲುವೆಯಲ್ಲ, ನೀರಾವರಿಯ ನಾಲೆ. ದೋಣಿಯ ಕಾಲುವೆಯಲ್ಲಿ ನೀರು ಹೆಚ್ಚುಕಡಮೆ ನಿಂತಿರಬೇಕು, ನಾಲೆಯಲ್ಲಿ ಹರಿಯುತ್ತಿರಬೇಕು. ಆದುದರಿಂದ ನಾಲೆಯಲ್ಲಿ ಮೆಟ್ಟಿಲುಗಳ ಬದಲು ಕಣ್ಣಿಗೆ ಕಾಣದಂಥ ಸತತವಾದ ಇಳಿಜಾರು ಇರುತ್ತದೆ. ಏರಿಯ ಮೇಲಣ ದಾರಿಯು ಗುಡ್ಡಗಳನ್ನು ಹತ್ತದೆ, ಅವುಗಳ ಸೊಂಟವನ್ನು ಬಳಸಿ ಸಾಗುತ್ತದೆ. ಆದರೆ ಈ ನಾಲೆಯ ಬದಿಯು ನಿರ್ಭಯವಾದ ಸ್ಥಳವಲ್ಲ. ಹರಿಯುವ ನೀರಿಗೆ ಸೆಳವುಂಟು. ಕಲ್ಲುಕಟ್ಟಿದ ಇಳುಕಲು ದಡವನ್ನು ಹತ್ತಿ ಬರುವುದು ಈಜು ಬಲ್ಲವರಿಗೂ ಕಷ್ಟ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ನೀರಿನ ಬದಿಯ ದಾರಿಯಲ್ಲಿ ಯಾವ ವಾಹನ, ಎಷ್ಟು ವೇಗ, ಎಂಥ ತಡೆಗೋಡೆ ಎಂಬ ಪ್ರಶ್ನೆಗಳು ನಮಗೂ ಸಂಬಂಧಿಸಿದವೇ.

ಆದಕಾರಣ ಈ ಕೆಳಗಿನ ಪ್ರಯೋಗವನ್ನು ವಿದ್ಯಾರ್ಥಿಗಳು ನಾಲೆಯ ಏರಿಯ ಮೇಲಲ್ಲ, ಕಾಲೇಜಿನ ಬಯಲಿನಲ್ಲಿ ಮಾಡತಕ್ಕದ್ದು. ಸಮತಟ್ಟಾದ ಟಾರಿನ ಮೇಲೆ 6 ಮೀಟರು ಅಂತರದಲ್ಲಿ ಎರಡು ಗೆರೆಗಳನ್ನೆಳೆಯಿರಿ. ಗೆರೆಗಳ ನಡುವಣ ದೂರವನ್ನು ಸರಿಯಾಗಿ 2 ಸೆಕೆಂಡಿನಲ್ಲಿ ದಾಟುವಂತೆ ಸೈಕಲ್ಲು ತುಳಿದು, ಎರಡನೆಯ ಗೆರೆಯಲ್ಲಿ ತುಳಿಯುವುದನ್ನು ನಿಲ್ಲಿಸಿ. ಆಗ ನಿಮ್ಮ ವೇಗವು ಸೆಕೆಂಡಿಗೆ 3 ಮೀಟರು. ಸೈಕಲ್ಲು ತಾನಾಗಿ ನಿಲ್ಲುವವರೆಗೆ ಸಾಗಿದ ದೂರವನ್ನು ಅಳೆಯಿರಿ. ವೇಗದ ವರ್ಗವನ್ನು ಆ ದೂರದ ಇಮ್ಮಡಿಯಿಂದಲೂ 9.8ರಿಂದಲೂ ಭಾಗಿಸಿದರೆ ಗುಣಾಂಕವು ದೊರೆಯುತ್ತದೆ. ಉರುಳು ಘರ್ಷಣೆಯೊಂದೇ ಇದ್ದಿದ್ದರೆ ಟಾರಿನ ಮೇಲೆ ಸುಮಾರು 92 ಮೀಟರು, ಗಟ್ಟಿ ಜಲ್ಲಿಯ ಮೇಲೆ ಸುಮಾರು 46 ಮೀಟರು ಬರಬೇಕು. ಗಾಳಿಯ ತಡೆಯೂ ಇರುವುದರಿಂದ ದೂರವು ಇದಕ್ಕಿಂತ ಕಡಮೆಯಾಗಿಯೇ ಬರುತ್ತದೆ. ಎರಡೂ ದಿಕ್ಕುಗಳಲ್ಲಿ ಮಾಡಿ ಸರಾಸರಿಯನ್ನು ತೆಗೆದರೆ ನೆಲದ ಸಣ್ಣ ಏರಿಳಿತದ ದೋಷವು ಬಹುಮಟ್ಟಿಗೆ ಕಳೆಯುತ್ತದೆ. ಬಳಿಕ ಟೈರಿನ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಟಾರಿನ ಮೇಲೂ ಜಲ್ಲಿಯ ಮೇಲೂ ದೂರವು ಹೇಗೆ ಬದಲಾಗುತ್ತದೆಂದು ಬರೆದಿಡಿ. ಎರಡು ನೆಲಗಳೂ ಒಂದೇ ಉತ್ತರವನ್ನು ಕೊಡುವುದಿಲ್ಲವೆಂದು ಮಾತ್ರ ಈಗ ಹೇಳಿ ನಿಲ್ಲಿಸುತ್ತೇವೆ.

ಹೇಸರಗತ್ತೆಯ ಗೊರಸಿಗಾಗಿ ಮಾಡಿದ ದಾರಿಯು ನೂರು ವರ್ಷಗಳ ಮೇಲೆ ನ್ಯಾಯಮೂರ್ತಿಗಳ ಪಾದಕ್ಕೂ, ಈಗ ಸೈಕಲ್ಲಿನ ಚಕ್ರಕ್ಕೂ ಒದಗಿಬಂದಿದೆ. ಇದಕ್ಕೆ ಬುನಾದಿಯಾದದ್ದು ನೀರಿನ ಒಂದು ಸರಳವಾದ ನಿಯಮ. ಇದನ್ನು ಉಳಿಸಿದ್ದು, ನೋಡದೆ ತೀರ್ಪು ಹೇಳಬಾರದೆಂಬ ಅಷ್ಟೇ ಸರಳವಾದ ಇನ್ನೊಂದು ನಿಯಮ. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಪ್ರತಿದಿನವೂ ಹೇಳುವುದು ಎರಡನೆಯ ನಿಯಮವನ್ನೇ.